ಆರ್ಗನ್ನಿಗೆ ಹೂಡಿದ ಜೋಡೆತ್ತು

ಬೆಟಗೇರಿಯ ದಿನಕರಪ್ಪನವರಿಗೆ ಸಂಗೀತ ಬಂದದ್ದು ಕೈಯಿಂದಲ್ಲ, ಕಾಲಿನಿಂದ. ಹತ್ತು ವರ್ಷದವರಿದ್ದಾಗಲೇ ಅಪ್ಪನ ಕುಣಿಮಗ್ಗದಲ್ಲಿ ಕೂತು ಕಾಲ್ಮಣೆ ತುಳಿದವರು ಅವರು. ಎಡಗಾಲು ಒತ್ತಿದರೆ ಅರ್ಧ ಎಳೆ ಮೇಲೆ, ಬಲಗಾಲು ಒತ್ತಿದರೆ ಉಳಿದರ್ಧ ಮೇಲೆ, ನಡುವೆ ಲಾಳಿ ಓಡಬೇಕು. ಒಂದು ತುಳಿತ ತಪ್ಪಿದರೆ ಸೀರೆಗೆ ಹುಣ್ಣು, ಬೆನ್ನಿಗೆ ಗುದ್ದು. ಮಿಶನ್ ಚರ್ಚಿನಲ್ಲಿ ಕಾಲಿನಿಂದ ಗಾಳಿ ತುಂಬುವ ಆರ್ಗನ್ ಕಂಡ ದಿನ, ‘ಇದೂ ಒಂದು ಮಗ್ಗವೇ, ಬಟ್ಟೆ ಬದಲು ಸದ್ದು ನೇಯುತ್ತದೆ, ಅಷ್ಟೆ’ ಎಂದು ಅವರಿಗೆ ಹೊಳೆದುಬಿಟ್ಟಿತು. ಆಮೇಲೆ ಆರು ವರ್ಷ ವಾದಕನ ಹಿಂದಿನ ಬೆಂಚಿನಲ್ಲೇ ಕೂತರು. ಆತ ಮಗಳ ಲಗ್ನಕ್ಕೆಂದು ಹುಬ್ಬಳ್ಳಿಗೆ ಹೋದ ಭಾನುವಾರ ಯಾರನ್ನೂ ಕೇಳದೆ ಮುಂದೆ ಹೋಗಿ ನುಡಿಸಿದರು. ನಿಮ್ಮ ಗುರು ಯಾರು ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಒಂದೇ: “ಒಬ್ಬಾತನ ಬೆನ್ನು. ಆರು ವರ್ಷ ನೋಡೇನಿ. ಮಾರಿ ನೋಡಿದ್ದು ಕಡಿಮಿ.”

ಬ್ಯಾಂಕಿನಲ್ಲಿ ಗುಮಾಸ್ತಿಕೆ ಸಿಕ್ಕಿ, ಆ ಊರು ಈ ಊರು ತಿರುಗಿ, ೧೯೮೪ರಲ್ಲಿ ಅವರು ವಿಜಯವಾಡಕ್ಕೆ ಬಂದಿಳಿದರು. ಹೆಂಡತಿ ಪ್ರಫುಲ್ಲಾ ಟ್ರಂಕು ಬಿಚ್ಚಿ ಪಾತ್ರೆ ತೆಗೆಯುವುದರೊಳಗೆ ಗಂಡ ಚರ್ಚು ಹುಡುಕಲು ಹೋಗಿದ್ದರು. ಸಿಕ್ಕಿತು. ಮೂಲೆಯಲ್ಲಿ ಹಳೆಯ ಪರದೆ ಹೊದ್ದು ಒಂದು ಆರ್ಗನ್ನೂ ಕೂತಿತ್ತು. ಅದನ್ನು ನುಡಿಸುತ್ತಿದ್ದ ಮುದುಕರು ತೀರಿಕೊಂಡು ನಾಲ್ಕು ವರ್ಷವಾಗಿ, ತಿದಿಯ ಚರ್ಮವನ್ನು ಇಲಿಗಳು ತಿಂದು ತೇಗಿದ್ದವು. ದಿನಕರಪ್ಪ ಎರಡು ಶನಿವಾರ ನೆಲದ ಮೇಲೆ ಅಂಗಾತ ಮಲಗಿ, ಚಮ್ಮಾರನಿಂದ ತಂದ ಆಡಿನ ಚರ್ಮವನ್ನೂ ಸೈಕಲ್ ಟ್ಯೂಬನ್ನೂ ಅಂಟಿಸಿ ತಿದಿಗೆ ಜೀವ ಬರಿಸಿದರು. ಮೂರನೆಯ ಭಾನುವಾರ ಆರ್ಗನ್ ಒಮ್ಮೆ ಕೆಮ್ಮಿ, ಹಾಡಿತು. ಪಾದ್ರಿಗಳ, ಅಂದರೆ ಅಲ್ಲಿಯವರ ಬಾಯಲ್ಲಿ ಅಯ್ಯಗಾರ ಕಣ್ಣಲ್ಲಿ ನೀರು ಬಂತು. ಅಂದಿನಿಂದ ದಿನಕರಪ್ಪ ಆ ಊರಿಗೆ ‘ಮಾಸ್ಟಾರು’.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ದಿನಕರಪ್ಪ ತೆಲುಗನ್ನೂ ಗುರುವಿಲ್ಲದೆ ಕಲಿಯಲು ಹೊರಟರು.

ಅವರ ಪ್ರಕಾರ ತೆಲುಗು ಅಂಥಾ ದೊಡ್ಡ ವಿದ್ಯೆಯೇನಲ್ಲ. ಕನ್ನಡದ ‘ಹ’ ತೆಗೆದು ‘ಪ’ ಇಡು, ಕೊನೆಗೆ ‘ಅಂಡಿ’ ಹಚ್ಚು, ತೆಲುಗಾಯಿತು. ಹಾಲು ಪಾಲಾಯಿತು, ಹುಲಿ ಪುಲಿಯಾಯಿತು, ಹಳ್ಳಿ ಪಲ್ಲೆಯಾಯಿತು. ಮೂರು ವಾರ ಈ ಸೂತ್ರ ಕೈಬಿಡಲಿಲ್ಲ. “ಸುಮ್ಮನ ಜನಾ ನಿಘಂಟು ಓದ್ತಾವ ನೋಡು,” ಎಂದು ಹೆಂಡತಿಯ ಮುಂದೆ ಮೀಸೆ ತಿರುವಿದ್ದರು.

ನಾಲ್ಕನೆಯ ಭಾನುವಾರ ಕೊನೆಯ ಕೀರ್ತನೆಯ ಸರದಿ. ಆ ಚರ್ಚಿನ ಜನಕ್ಕೆ ವಾದಕನಿಲ್ಲದ ನಾಲ್ಕು ವರ್ಷದಲ್ಲಿ ಕೂತೇ ಹಾಡುವ ಚಟ ಹತ್ತಿತ್ತು. ಬೆಟಗೇರಿಯಲ್ಲಿ ಕೊನೆಯ ಕೀರ್ತನೆಯನ್ನು ಕೂತು ಹಾಡಿದವನನ್ನು ರೋಗಿ ಎಂದು ಬಗೆಯುತ್ತಿದ್ದರು. ದಿನಕರಪ್ಪ ಕತ್ತು ಹೊರಳಿಸಿ ಗಾಯಕರ ಸಾಲಿನತ್ತ ನೋಡಿದರು. ಮೊದಲು ಕಣ್ಣಿಗೆ ಬಿದ್ದವರು ಸತ್ಯಮೂರ್ತಿ. ಗೂಡ್ಸ್ ಗಾಡಿಯ ಗಾರ್ಡು. ಆರಡಿ ಆಳು, ಕಣಜದಂಥ ಎದೆ, ಬಾವಿಯೊಳಗಿಂದ ಬಂದಂಥ ಮಂದ್ರ ಸ್ವರ. ಎದ್ದು ಹಾಡಿರಿ ಎನ್ನಬೇಕಿತ್ತು. ಸೂತ್ರ ಹಚ್ಚಿದರು. ‘ಹ’ ಹೋಗಿ ‘ಪ’ ಬಂತು, ‘ಅಂಡಿ’ಯೂ ಸೇರಿತು. ಸತ್ಯಮೂರ್ತಿಯವರ ಮುಖವನ್ನೇ ನೋಡುತ್ತ, ಗಟ್ಟಿ ದನಿಯಲ್ಲಿ, ಬಹಳ ಮರ್ಯಾದೆಯಿಂದ ಅಂದರು:

“ಎದ್ದು! ಪಾಡಂಡಿ!”

ಚರ್ಚಿಗೆ ಚರ್ಚೇ ಉಸಿರು ಹಿಡಿಯಿತು. ತೆಲುಗಿನಲ್ಲಿ ಎದ್ದು ಅಂದರೆ ಎತ್ತು. ಬ್ಯಾಂಕಿನ ಮಾಸ್ಟಾರು ದೇವರ ಮನೆಯಲ್ಲಿ, ಸಭೆಯ ಮುಂದೆ, ಗಾರ್ಡ್ ಸತ್ಯಮೂರ್ತಿಯವರನ್ನು ‘ಎತ್ತೇ, ಹಾಡಿರಿ’ ಎಂದಿದ್ದರು.

ಯಾರೂ ಏಳಲಿಲ್ಲವೆಂದು ದಿನಕರಪ್ಪ ಇನ್ನೂ ಗಟ್ಟಿಯಾಗಿ ಎರಡು ಸಲ ಕೈಯೆತ್ತಿ ಕೂಗಿದರು. “ಎದ್ದು! ಎದ್ದು!”

ಸತ್ಯಮೂರ್ತಿ ಎದ್ದರು. “ಎವರಿನಂಡೀ ಎದ್ದು ಅಂಟುನ್ನಾರು?” ಯಾರನ್ನು ಎತ್ತು ಅನ್ನುತ್ತಿದ್ದೀರಿ ಎಂಬ ಆ ಪ್ರಶ್ನೆಯೂ ದಿನಕರಪ್ಪನವರಿಗೆ ಅರ್ಧ ಮಾತ್ರ ತಿಳಿಯಿತು. ಎದ್ದರಲ್ಲ ಎಂಬ ಸಂತೋಷದಲ್ಲಿ, “ಮಿಮ್ಮಲ್ನೇ ಅಂಡಿ! ಮಿಮ್ಮಲ್ನೇ!” ಎಂದು ನಕ್ಕರು. ನಿಮ್ಮನ್ನೇ, ನಿಮ್ಮನ್ನೇ.

ಅಯ್ಯಗಾರ ಹೆಂಡತಿ, ಎಲ್ಲರ ಬಾಯಲ್ಲಿ ಅಮ್ಮಗಾರು, ಬಳ್ಳಾರಿ ಕಡೆಯವರು, ಎರಡೂ ಭಾಷೆ ಬಲ್ಲವರು. ಪ್ರಾರ್ಥನೆ ಮುಗಿದ ಮೇಲೆ ಅವರೇ ಮಾಸ್ಟಾರನ್ನು ಒಳಗೆ ಕರೆದು ಬಿಡಿಸಿ ಹೇಳಿದರು. ದಿನಕರಪ್ಪನವರ ಮುಖ ಸುಟ್ಟ ಬದನೆಕಾಯಿಯಾಯಿತು. ಸತ್ಯಮೂರ್ತಿಯವರನ್ನು ಹುಡುಕಿಕೊಂಡು ಹೋಗಿ, “ಎತ್ತು ಅನ್ನಲಿಲ್ಲ, ಏಳಿ ಅಂದೆ” ಎಂಬುದನ್ನು ತಮಗೆ ಬಂದ ತೆಲುಗಿನಲ್ಲೇ ವಿವರಿಸಿದರು. ಅದರಲ್ಲಿ ಎದ್ದು ಎಂಬ ಶಬ್ದ ಇನ್ನೂ ಆರು ಸಲ ಬಂತು. ಜಗಳ ಬಲಿಯಿತು.

ಅಮ್ಮಗಾರು ಒಳ್ಳೆಯ ಮನಸ್ಸಿನಿಂದಲೇ ಸತ್ಯಮೂರ್ತಿಯವರನ್ನೂ ಸಮಾಧಾನ ಮಾಡಲು ಹೋದರು. “ಅವರ ಭಾಷೆಯಲ್ಲಿ ಆ ಪ್ರಾಣಿಗೆ ಎದ್ದು ಅನ್ನುವುದಿಲ್ಲ ನಾಯನಾ, ಎತ್ತು ಅನ್ನುತ್ತಾರೆ” ಎಂದರು. ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತಾಯಿತು. ತೆಲುಗಿನಲ್ಲಿ ಎತ್ತು ಅಂದರೆ ಮೇಲೆತ್ತು, ಏರಿಸು. ಮುಂದಿನ ಭಾನುವಾರದಿಂದ ಅಭ್ಯಾಸದ ನಡುವೆ ಗಾಯಕರ ಸಾಲಿನಿಂದ ಒಂದು ಮಂದ್ರ ಸ್ವರ ಬಹಳ ವಿನಯದಿಂದ ಕೇಳತೊಡಗಿತು: “ಮಾಸ್ಟಾರೂ, ಶ್ರುತಿ ಎತ್ತು... ಎತ್ತು!” ಶ್ರುತಿ ಏರಿಸಿ ಎಂದಷ್ಟೇ ಅದರ ಅರ್ಥ. ಯಾರೂ ತಪ್ಪು ಹಿಡಿಯುವ ಹಾಗಿಲ್ಲ. ಕನ್ನಡದ ಕಿವಿಗೆ ಮಾತ್ರ ಅದು ಎಲ್ಲಿ ತಾಗಬೇಕೋ ಅಲ್ಲಿ ತಾಗುತ್ತಿತ್ತು. ಕೊನೆಯ ಎತ್ತಿನ ಮುಂದೆ ಸತ್ಯಮೂರ್ತಿ ಬಿಡುತ್ತಿದ್ದ ಸಣ್ಣ ನಿಲುಗಡೆಯಲ್ಲೇ ವಿಷವೆಲ್ಲ ಇತ್ತು.

ಹೀಗೆ ನಾಲ್ಕು ವರ್ಷ. ಗಂಡಸರು ಇಬ್ಬರೂ ಬೆನ್ನು ತಿರುಗಿಸಿ ನಡೆದರೆ, ಹೆಂಗಸರಿಬ್ಬರೂ ಚರ್ಚಿನ ಹಿಂಬದಿಯ ನೆರಳಲ್ಲಿ ಡಬ್ಬಿ ಬದಲಾಯಿಸಿಕೊಂಡರು. ಸತ್ಯಮೂರ್ತಿಯವರ ಹೆಂಡತಿ ಹೈಮಾವತಿ ಕೊಟ್ಟ ಗೋಂಗೂರ ಪಚ್ಚಡಿಯನ್ನು ದಿನಕರಪ್ಪ ರೊಟ್ಟಿಗೆ ಹಚ್ಚಿ ತಿನ್ನುತ್ತಿದ್ದರು. ಪ್ರಫುಲ್ಲಾ ಕಳಿಸಿದ ಶೇಂಗಾ ಚಟ್ನಿಯನ್ನು ಸತ್ಯಮೂರ್ತಿ ಊಟದ ಡಬ್ಬಿಯಲ್ಲಿ ಕಟ್ಟಿಕೊಂಡು ಗೂಡೂರಿನ ತನಕ ಒಯ್ಯುತ್ತಿದ್ದರು. ಯಾರ ಮನೆಯದೆಂದು ಇಬ್ಬರಿಗೂ ಗೊತ್ತು. ಇಬ್ಬರೂ ಕೇಳಲಿಲ್ಲ.

೧೯೮೮ರಲ್ಲಿ ದಿನಕರಪ್ಪನವರಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅಳುತ್ತ ಆರ್ಗನ್ನಿನ ಮೈದಡವಿ, ಎರಡು ತಿಂಗಳಿಂದ ಕಾಣದ ಸತ್ಯಮೂರ್ತಿ ಎಲ್ಲಿ ಹೋದರೆಂದು ಕೇಳುವ ಗೊಡವೆಗೂ ಹೋಗದೆ, ಬಿಡುಗಡೆಯಾಯಿತೆಂದು ನಗುತ್ತ ಬಂದರು. ಅಲ್ಲಿಯೂ ಒಂದು ಚರ್ಚು, ಅಲ್ಲಿಯೂ ಒಂದು ತುಳಿಯುವ ಆರ್ಗನ್ನು. ಅದು ವಿಜಯವಾಡದ್ದಕ್ಕಿಂತ ಗಟ್ಟಿಮುಟ್ಟು. ಕಡಲಗಾಳಿಗೆ ಎರಡು ಸ್ವರದ ಮನೆ ಮಾತ್ರ ಮೂಕಾಗಿದ್ದವು. ಮೊದಲ ಭಾನುವಾರ ಹೊಸ ಬೆಂಚಿನ ಮೇಲೆ ಕೂತು, ಕಣ್ಣು ಮುಚ್ಚಿ, ಮೊದಲ ಕೀರ್ತನೆ ಹಿಡಿದರು. ಎರಡನೆಯ ಸಾಲಿಗೆ ಹಿಂದಿನಿಂದ ಬಾವಿಯೊಳಗಿನ ಸ್ವರವೊಂದು ಎದ್ದು ಬಂತು. ದಿನಕರಪ್ಪನವರ ಬೆರಳು ತಪ್ಪಿದವು. ರೈಲ್ವೆ ಇಲಾಖೆ ಸತ್ಯಮೂರ್ತಿಯವರನ್ನು ಎರಡು ತಿಂಗಳು ಮೊದಲೇ ಅದೇ ಊರಿನ ವಾಲ್ತೇರಿಗೆ ತಂದು ಇಳಿಸಿತ್ತು. ಅವರು ಆಗಲೇ ಚರ್ಚಿನ ಕಮಿಟಿಯಲ್ಲೂ ಇದ್ದರು.

ಪ್ರಾರ್ಥನೆ ಮುಗಿದು ಜನ ಹೊರಬೀಳುವಾಗ ಸತ್ಯಮೂರ್ತಿ ಆರ್ಗನ್ನಿನ ಪಕ್ಕ ನಿಂತರು. “ಶ್ರುತಿ ಬಾಗಾ ತಗ್ಗಿಂದಿ ಮಾಸ್ಟಾರೂ,” ಎಂದರು. ಶ್ರುತಿ ತುಂಬಾ ಇಳಿದಿದೆ. ಆಮೇಲೆ ಆ ಸಣ್ಣ ನಿಲುಗಡೆ. “ಎತ್ತು!”

“ನನ್ನ ನಸೀಬಿನಾಗ ಗೂಡ್ಸ್ ಗಾಡಿ ಬರದದ,” ಎಂದು ಮನೆಗೆ ಬಂದು ದಿನಕರಪ್ಪ ಚಪ್ಪಲಿ ಒದರಿದರು. ಪ್ರಫುಲ್ಲಾ ಮಾತ್ರ ಆಗಲೇ ಹೈಮಾವತಿಗೆಂದು ಶೇಂಗಾ ಹುರಿಯುತ್ತಿದ್ದರು.

ವಿಶಾಖಪಟ್ಟಣದಲ್ಲಿ ಅವರ ಬಾಳು ಎರಡು ಕವಲಾಯಿತು. ಭಾನುವಾರ ಚರ್ಚು, ಬುಧವಾರ, ಶನಿವಾರ ಸಂಜೆ ಎಂವಿಪಿ ಕಾಲೋನಿಯಲ್ಲಿ ಕನ್ನಡ ಸಂಘದ ಹೆಂಗಸರಿಗೆ ಹಾರ್ಮೋನಿಯಂ ಪಾಠ. ಬ್ಯಾಂಕು, ಉಕ್ಕಿನ ಕಾರ್ಖಾನೆ ಎಂದು ಕರ್ನಾಟಕದಿಂದ ಬಂದವರ ಮನೆಯಾಕೆಯರಿಗೆ ದೇವರನಾಮ ಬೇಕು, ಕಲಿಸುವವರಿಲ್ಲ. ದಿನಕರಪ್ಪನವರಿಗೆ ಬರುತ್ತಿದ್ದದ್ದು ಡೋ ರೆ ಮಿ. ಅದರಲ್ಲೇ ದೇವರನಾಮ ಕಲಿಸಿದರು. ಎಲ್ಲ ಸರಿಯಾಗಿ ಬರುತ್ತಿತ್ತು. ಆದರೆ ಪ್ರತಿ ಹಾಡಿನ ಕೊನೆಗೆ ಅವರ ಬೆರಳು ಅಭ್ಯಾಸಬಲದಿಂದ ಆಮೆನ್ನಿನ ಎರಡು ಸ್ವರಗುಚ್ಛ ಒತ್ತಿಬಿಡುತ್ತಿದ್ದವು. ಹೆಂಗಸರು ಅದನ್ನು ಮಂಗಳದ ಒಂದು ಪದ್ಧತಿ ಎಂದು ತಿಳಿದು ಕೈ ಮುಗಿಯುತ್ತಿದ್ದರು. ವಿಶಾಖಪಟ್ಟಣದ ಕನ್ನಡ ದೇವರನಾಮಗಳೆಲ್ಲ ಈಗಲೂ ಒಂದಿಷ್ಟು ಬೆಟಗೇರಿ ಚರ್ಚಿನ ಬಾಗಿಲಲ್ಲೇ ಮುಗಿಯುತ್ತವೆ.

ಬ್ಯಾಂಕು ಎರಡು ಸಲ ಆಫೀಸರಾಗಿ ಬಡ್ತಿ ಕೊಡಲು ಬಂತು. ಬಡ್ತಿ ಎಂದರೆ ಮತ್ತೆ ವರ್ಗ. ಹೋದ ಊರಲ್ಲಿ ಆರ್ಗನ್ ಇರದಿದ್ದರೆ? ಎರಡು ಸಲವೂ ಒಲ್ಲೆ ಎಂದು ಬರೆದುಕೊಟ್ಟರು. “ನನ್ನ ಓರಗಿಯವರು ಮ್ಯಾನೇಜರರ ಹೆಂಡರಾದ್ರು,” ಎಂದರು ಪ್ರಫುಲ್ಲಾ. “ನಾ ಆ ಕಟ್ಟಿಗಿ ಪೆಟಗಿಗೆ ಸವತಿ ಆದೆ.”

ಇಷ್ಟೆಲ್ಲ ಕೊಟ್ಟು ಉಳಿಸಿಕೊಂಡ ಬೆಂಚು ಅದು. ಅದು ಕೈತಪ್ಪುವ ಕಾಲ ೧೯೯೧ರ ರಾಜ್ಯೋತ್ಸವದ ದಿನ ಬಂತು.

ಸಂಘದವರು ಕಾಲೋನಿಯ ಬಯಲಲ್ಲಿ ಹಲಗೆ ಜೋಡಿಸಿ ವೇದಿಕೆ ಮಾಡಿದ್ದರು. ಹಲಗೆಯ ಒಂದು ತುದಿಗೆ ಹನ್ನೊಂದು ಹೆಂಗಸರು, ಇನ್ನೊಂದು ತುದಿಗೆ ಹಾರ್ಮೋನಿಯಮ್ಮಿನೊಂದಿಗೆ ದಿನಕರಪ್ಪ. ಕೊನೆಯ ಹಾಡು ಬಂತು. ಈ ಸಲ ಕನ್ನಡದ ಸಭೆ, ಕನ್ನಡದ ಹೆಂಗಸರು, ಯಾವ ಅಂಜಿಕೆಯೂ ಇಲ್ಲ. ಏಳು ವರ್ಷದಿಂದ ನಾಲಗೆಯ ತುದಿಯಲ್ಲಿ ಕಟ್ಟಿಹಾಕಿದ್ದ ಶಬ್ದವನ್ನು ಮನಸಾರೆ ಬಿಟ್ಟರು: “ಎಲ್ಲಾರೂ ಎದ್ದು ಹಾಡ್ರಿ!”

ಹನ್ನೊಂದು ಜನ ಒಟ್ಟಿಗೆ ಎದ್ದು, ಕೂತಿದ್ದ ಹಲಗೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು. ಅಷ್ಟು ಹೊತ್ತು ಅವರ ಭಾರಕ್ಕೇ ತಡೆದು ನಿಂತಿದ್ದ ಹಲಗೆಯ ಆ ತುದಿ ಹಗುರಾಗಿ ಚಿಮ್ಮಿತು, ಈ ತುದಿ ಕುಸಿಯಿತು. ದಿನಕರಪ್ಪನವರು ಹಾರ್ಮೋನಿಯಮ್ಮನ್ನು ಮಗುವಿನಂತೆ ಅಪ್ಪಿಕೊಂಡು ಕೆಳಗೆ ಜಾರಿದರು. ಹಾರ್ಮೋನಿಯಂ ಉಳಿಯಿತು. ಬಲಗಾಲು ಮುರಿಯಿತು.

ಆಸ್ಪತ್ರೆಗೆ ಕರೆದೊಯ್ದವರು ಬ್ಯಾಂಕ್ ಮ್ಯಾನೇಜರ್ ಗುರುಪ್ರಸಾದರ ಹೆಂಡತಿ ಅನಸೂಯಾ. ದಾವಣಗೆರೆಯಿಂದ ಬಂದು ಇನ್ನೂ ಮೂರು ತಿಂಗಳಾಗಿತ್ತು. ನರ್ಸು ಹೇಗಾಯಿತೆಂದು ತೆಲುಗಿನಲ್ಲಿ ಕೇಳಿದರೆ ಗಾಬರಿಯಲ್ಲಿ ಬೆರಳೆಣಿಸಿ ತೋರಿಸುತ್ತ ಆಕೆ ಅಂದದ್ದು ಇಷ್ಟೇ: “ಎದ್ದು... ಎಲ್ಲಾ ಎದ್ದು... ಹನ್ನೊಂದು!”

“ಎದ್ದು ಪೊಡಿಚಿಂದಾ?” ಎತ್ತು ಹಾಯಿತಾ ಎಂದು ನರ್ಸು ಹುಬ್ಬೇರಿಸಿದಳು. ಅನಸೂಯಾ ಹೌದೆಂದು ತಲೆಯಾಡಿಸಿದರು. ಚೀಟಿಯಲ್ಲಿ ಹನ್ನೊಂದು ಎತ್ತು ಹಾಯ್ದ ಪ್ರಕರಣವೆಂದು ದಾಖಲಾಯಿತು. ಒಂದರ ಬದಲು ಎರಡು ಸೂಜಿ ಬಿತ್ತು. ಸುದ್ದಿ ಮೂರು ದಿನದಲ್ಲಿ ವಾಲ್ತೇರು ಮುಟ್ಟಿತು. ಸತ್ಯಮೂರ್ತಿ ಗಾರ್ಡಿನ ಡಬ್ಬಿಯಲ್ಲಿ ಒಬ್ಬರೇ ಕೂತು, ಅನಕಾಪಲ್ಲಿಯಿಂದ ತುನಿಯ ತನಕ ನಕ್ಕರಂತೆ.

ಎರಡೂವರೆ ತಿಂಗಳು ಪ್ಲಾಸ್ಟರು. ಕ್ರಿಸ್‌ಮಸ್ಸಿಗೆ ಎಂಟು ವಾರ ಉಳಿದಿತ್ತು. ವಿಶಾಖಪಟ್ಟಣದ ಚರ್ಚಿನ ಅಯ್ಯಗಾರು ಹಣ್ಣು ಹಿಡಿದು ನೋಡಲು ಬಂದು, ಬಹಳ ಹೊತ್ತು ಹವೆಯ ಮಾತಾಡಿ, ಕೊನೆಗೆ ಬಂದ ಕೆಲಸ ಹೇಳಿದರು. ಹಬ್ಬದ ಪ್ರಾರ್ಥನೆ ವಾದ್ಯವಿಲ್ಲದೆ ನಡೆಯದು. ಮದುವೆ ಆರ್ಕೆಸ್ಟ್ರಾದ ವೆಂಕಟರಮಣ ತನ್ನ ಎಲೆಕ್ಟ್ರಿಕ್ ಕೀಬೋರ್ಡ್ ತರಲು ಒಪ್ಪಿದ್ದಾನೆ. ಅದರ ಸ್ಪೀಕರು ಇಡಲು ಆರ್ಗನ್ನಿನ ಜಾಗವೇ ಬೇಕು. ಜನಕ್ಕೆ ಹಿಡಿಸಿದರೆ ಮುಂದೆಯೂ ಅದೇ ಆದೀತು. ಆರ್ಗನ್ನು ಹಿಂದಿನ ಕೋಣೆಗೆ ಹೋಗುತ್ತದೆ.

ಹಿಂದಿನ ಕೋಣೆಯಲ್ಲಿ ಮುರುಕು ಬೆಂಚುಗಳೂ ಹೆಣ ಹೊರುವ ಚಟ್ಟವೂ ಇದ್ದವು. ಅಲ್ಲಿಗೆ ಹೋದದ್ದು ತಿರುಗಿ ಬಂದದ್ದನ್ನು ಯಾರೂ ಕಂಡಿರಲಿಲ್ಲ. ದಿನಕರಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಪ್ರಫುಲ್ಲಾ ಸಹ ಅಂದು ಮೂದಲಿಸಲಿಲ್ಲ. ಅದರಿಂದಲೇ ಗಂಡನಿಗೆ ಹೆಚ್ಚು ಹೆದರಿಕೆಯಾಯಿತು.

ಮರುವಾರ ಬಾಗಿಲು ಪೂರ್ತಿ ಮುಚ್ಚುವಷ್ಟು ದೊಡ್ಡ ಆಕಾರವೊಂದು ಬಂದು ನಿಂತಿತು. ಸತ್ಯಮೂರ್ತಿ. ಏಳು ವರ್ಷದಲ್ಲಿ ಮೊದಲ ಸಲ. ಕೂರಲಿಲ್ಲ. ಮುಖ ಕೆಂಡವಾಗಿತ್ತು. ವೆಂಕಟರಮಣ ಕೀಬೋರ್ಡ್ ತಂದು ತೋರಿಸಿದ್ದನಂತೆ. ಅದರಲ್ಲಿ ಒಂದು ಗುಂಡಿ. ಒತ್ತಿದರೆ ಮಂದ್ರ ಸ್ವರ ತಾನಾಗಿ ಬರುತ್ತದೆ. ಇವರನ್ನು ನೋಡಿ ಆತ ಹೇಳಿದನಂತೆ: “ಬಾಬಾಯ್, ಮೀರು ಪಾಡಕ್ಕರ್ಲೇದು. ಬೇಸು ಇಂದುಲೋನೇ ಉಂದಿ.” ಚಿಕ್ಕಪ್ಪ, ನೀವು ಹಾಡಬೇಕಾಗಿಲ್ಲ, ಮಂದ್ರ ಇದರಲ್ಲೇ ಇದೆ.

“ನನ್ನ ಗಂಟಲಿಗೆ ಒಂದು ಗುಂಡಿಯಂತೆ!” ಎಂದು ಸತ್ಯಮೂರ್ತಿ ತೆಲುಗಿನಲ್ಲಿ ಗುಡುಗಿದರು. ಅಡುಗೆಮನೆಯಲ್ಲಿ ತಟ್ಟೆ ನಡುಗಿತು. “ಮಾಸ್ಟಾರೂ, ನಿಮ್ಮ ಕೈ ಚೆನ್ನಾಗಿದೆಯಲ್ಲ?”

“ಕೈ ಅದ. ಕಾಲಿಲ್ಲ. ಒಂದ ಕಾಲಿನಿಂದ ತುಳಿದ್ರ ಆರ್ಗನ್ನು ದಮ್ಮಿನ ಮುದುಕನಂಗ ಏದತದ.” ದಿನಕರಪ್ಪನವರ ತೆಲುಗು ಈಗ ಸುಧಾರಿಸಿತ್ತು, ಆದರೆ ದುಃಖ ಕನ್ನಡದಲ್ಲೇ ಬರುತ್ತಿತ್ತು.

ಸತ್ಯಮೂರ್ತಿ ತಮ್ಮ ಪಾದ ನೋಡಿಕೊಂಡರು. ಹನ್ನೊಂದನೇ ನಂಬರಿನ ರೈಲ್ವೆ ಬೂಟು. “ಕಾಲು ನನ್ನವು,” ಎಂದರು. “ಆದರೆ ನಿಮ್ಮನ್ನು ನಾನು ಕ್ಷಮಿಸಿದ್ದೇನೆಂದು ತಿಳಿಯಬೇಡಿ.”

“ನಾ ಏನ್ ಕೇಳೇನಿ?” ಎಂದರು ದಿನಕರಪ್ಪ.

ಅಯ್ಯಗಾರು ಇಬ್ಬರನ್ನೂ ಒಟ್ಟಿಗೆ ಕಂಡೇ ಬೆಚ್ಚಿದರು. ಹಬ್ಬಕ್ಕೆ ಮೊದಲ ಅರ್ಧ ಆರ್ಗನ್ನಿನಲ್ಲಿ ನಡೆಯಲಿ. ಅದು ಕೆಟ್ಟರೆ ಉಳಿದರ್ಧಕ್ಕೆ ವೆಂಕಟರಮಣ ಪಕ್ಕದಲ್ಲೇ ಕೀಬೋರ್ಡ್ ಹಿಡಿದು ಸಿದ್ಧನಿರಲಿ. ಆಮೇಲೆ ಕಮಿಟಿ ಯಾವುದು ಇರಬೇಕೆಂದು ತೀರ್ಮಾನಿಸಲಿ ಎಂದರು.

ಅಭ್ಯಾಸ ಮನೆಯಲ್ಲೇ ಶುರುವಾಯಿತು. ಪ್ರಫುಲ್ಲಾ ಎರಡು ಚಪಾತಿ ಮಣೆಗಳನ್ನು ತೆಂಗಿನ ನಾರಿನ ಮೇಲಿಟ್ಟು ಕೊಟ್ಟರು. ಸತ್ಯಮೂರ್ತಿ ಕುರ್ಚಿಯಲ್ಲಿ ಕೂತು ಅವನ್ನು ತುಳಿಯಬೇಕು. ದಿನಕರಪ್ಪ ಮಂಚದ ಮೇಲಿಂದ ತಾಳ ಹಾಕಬೇಕು. ತುಳಿಯುವುದೇನೋ ಬಂತು, ಆದರೆ ಗೂಡ್ಸ್ ಗಾಡಿಯ ಹಾಗೆ ಬಂತು: ಹೊರಡುವಾಗ ಜಡ, ಹೊರಟ ಮೇಲೆ ನಿಲ್ಲಿಸುವವರಿಲ್ಲ. ಬಲಗಾಲಂತೂ ಹಿಂದೆ ಬೀಳುತ್ತಿತ್ತು. ತೆಲುಗಿನಲ್ಲಿ ಬಲಕ್ಕೆ ಕುಡಿ ಅನ್ನುತ್ತಾರೆ. ದಿನಕರಪ್ಪ ಕೂಗಿ ಕೂಗಿ ಹೇಳುತ್ತಿದ್ದರು: “ಕುಡಿ! ಕುಡಿ! ಇಂಕಾ ಗಟ್ಟಿಗಾ! ಕುಡೀ!”

ಅದೇ ಹೊತ್ತಿಗೆ ಅನಸೂಯಾ ಗಾಯಾಳುವಿಗೆಂದು ಪಾಯಸ ಹಿಡಿದು ಬಾಗಿಲಿಗೆ ಬಂದಿದ್ದರು. ಒಳಗಿನಿಂದ ಯಾರೋ ದೈತ್ಯ ಗಂಡಸು ಏದುಸಿರು ಬಿಡುವ ಸದ್ದು. ಅದರ ಮೇಲೆ ಮೇಷ್ಟ್ರ ಕೂಗು: ಕುಡಿ, ಕುಡಿ, ಇನ್ನೂ ಕುಡಿ! ಆಕೆ ಪಾಯಸದೊಂದಿಗೆ ಹಿಂತಿರುಗಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಎಂವಿಪಿ ಕಾಲೋನಿಯಲ್ಲೂ ಕೊರತೆಯಿರಲಿಲ್ಲ. ಮರುದಿನ ಮ್ಯಾನೇಜರ್ ಗುರುಪ್ರಸಾದರೇ ಬಂದು, ಮಂಚದ ತುದಿಗೆ ಕೂತು, ಗಂಟಲು ಸರಿಮಾಡಿಕೊಂಡರು.

“ನೋಡಿ ದಿನಕರಪ್ಪ, ನೋವು ಎಲ್ಲರಿಗೂ ಇರುತ್ತೆ. ಆದ್ರೆ ಅದಕ್ಕೆ ಇದು ಔಷಧಿ ಅಲ್ಲ. ನೀವು ಕುಡಿಯೋದಲ್ದೆ ಪಾಪ ಆ ರೈಲ್ವೆಯವರಿಗೂ ಬಲವಂತ ಮಾಡ್ತೀರಂತೆ.”

ಹುಟ್ಟಿದಾಗಿನಿಂದ ದ್ರಾಕ್ಷಾರಸವನ್ನು ಚರ್ಚಿನ ಚಮಚದಲ್ಲಿ ಬಿಟ್ಟು ಬೇರೆಲ್ಲೂ ಮೂಸದ ದಿನಕರಪ್ಪ ದಿಂಬು ದೂಡಿ ಎದ್ದು ಕೂತರು. ಉತ್ತರ ಕೊಟ್ಟವರು ಪ್ರಫುಲ್ಲಾ. “ಸಾಹೇಬ್ರ, ನಮ್ಮ ಮನ್ಯಾಗ ಕುಡಿಯೋದು ಎರಡ ಚಪಾತಿ ಮಣಿ. ತಗೋರಿ, ನೀವೂ ಒಂದಿಷ್ಟು ತುಳದು ನೋಡ್ರಿ.” ವಿಷಯ ತಿಳಿದ ಮೇಲೆ ಮ್ಯಾನೇಜರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಪಾಯಸ ಸಂಜೆಗೆ ಬಂತು.

ಚರ್ಚಿನಲ್ಲಿ ನಿಜವಾದ ಆರ್ಗನ್ನಿನ ಮುಂದೆ ಹೊಸ ಗಂಟು ಬಿತ್ತು. ಬೆಂಚು ಒಂದೂವರೆ ಆಳಿನದು, ಸತ್ಯಮೂರ್ತಿಯೊಬ್ಬರೇ ಒಂದೂಕಾಲು. ದಿನಕರಪ್ಪ ಬಲತುದಿಯಲ್ಲಿ, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಬಾವಲಿಯ ಹಾಗೆ ತೂಗುತ್ತ ಕೂತರು. ಅದೂ ಹೋಗಲಿ ಎಂದರೆ, ಸತ್ಯಮೂರ್ತಿ ತುಳಿಯುತ್ತಲೇ ಹಾಡಬೇಕು. ಮಂದ್ರ ಬಿಡುವುದಿಲ್ಲವೆಂದು ಅವರ ಹಟ. ಕೆಳಗಿನ ಸ್ವರ ಬಂದಾಗಲೆಲ್ಲ ಅವರು ಕಣ್ಣು ಮುಚ್ಚಿ, ಎದೆ ಉಬ್ಬಿಸಿ, ಆ ಸ್ವರವನ್ನು ಸವಿಯುತ್ತಿದ್ದರು. ಆಗ ಕಾಲು ನಿಲ್ಲುತ್ತಿದ್ದವು. ಆರ್ಗನ್ನಿನ ಉಸಿರು ಹೋಗುತ್ತಿತ್ತು.

“ಎತ್ತು ಏರಿಗೆ ಎಳದ್ರ ಕೋಣ ನೀರಿಗೆ,” ಎಂದು ದಿನಕರಪ್ಪ ಹಣೆ ಬಡಿದುಕೊಂಡರು. “ನಡುವ ನಿಂತ್ರ ಹೆಂಗ್ರಿ?”

ಹಿಂದಿನ ಬೆಂಚಿನಲ್ಲಿ ಹೈಮಾವತಿಯೊಂದಿಗೆ ಕೂತಿದ್ದ ಪ್ರಫುಲ್ಲಾ ಅಲ್ಲಿಂದಲೇ ಹೇಳಿದರು: “ಎತ್ತು ಹೊಲದಾಗ ನಿಂತ್ರ ಏನ್ ಮಾಡ್ತಾರ? ಹುರದುಂಬಿಸ್ತಾರ. ಅದರ ಜೋಡಿ ಜಗಳಾಡ್ತಾರೇನು?”

ಹುರಿದುಂಬಿಸುವುದೆಂದರೆ ಏನು ಕೂಗುವುದು? ಇಬ್ಬರಿಗೂ ತಿಳಿಯುವ, ಇಬ್ಬರಿಗೂ ಬೈಗುಳವಾಗದ ಮಾತು ಬೇಕು. ‘ಎದ್ದು’ ಕೂಡದು. ‘ಕುಡಿ’ ಸಾಕಾಗಿತ್ತು. ಯೋಚಿಸಿ ಯೋಚಿಸಿ ದಿನಕರಪ್ಪ ಒಂದು ಮಾತು ತೆಗೆದರು. “ಕಾಲು ಎತ್ತು.” ಸತ್ಯಮೂರ್ತಿ ತಲೆಯೆತ್ತಿದರು. ಕಾಲು ಎಂದರೆ ಅಲ್ಲಿಯೂ ಕಾಲು, ಇಲ್ಲಿಯೂ ಕಾಲು. ಎತ್ತು ಎಂದರೆ ಅಲ್ಲಿಯೂ ಮೇಲೆತ್ತು, ಇಲ್ಲಿಯೂ ಮೇಲೆತ್ತು. ಎರಡು ಭಾಷೆಯ ನಡುವೆ ಒಂದು ಅಕ್ಷರ ಹೆಚ್ಚುಕಡಿಮೆಯಿಲ್ಲದ ಮಾತು. ಅದರೊಳಗೊಂದು ಎತ್ತೂ ಮೇಯುತ್ತಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ಆದರೆ ಯಾರು ಯಾರನ್ನು ಅಂದರೆಂದು ಹೇಳಲು ಬರುವಂತಿರಲಿಲ್ಲ.

“ಸರೇ,” ಎಂದರು ಸತ್ಯಮೂರ್ತಿ. ಆಗಲಿ.

ಕ್ರಿಸ್‌ಮಸ್ ಬೆಳಿಗ್ಗೆ ಚರ್ಚು ಕಿಕ್ಕಿರಿದಿತ್ತು. ಅನಸೂಯಾ, ಗುರುಪ್ರಸಾದರ ಹಿಂದೆ ಸಂಘದ ಹನ್ನೊಂದು ಹೆಂಗಸರೂ ರೇಷ್ಮೆಸೀರೆ ಉಟ್ಟು ಬಂದು ಒಂದು ಸಾಲು ತುಂಬಿದ್ದರು. ವೆಂಕಟರಮಣ ತಂತಿ ಜೋಡಿಸಿಕೊಂಡು ಬೆರಳು ಮುರಿಯುತ್ತ ನಿಂತಿದ್ದ. ಸತ್ಯಮೂರ್ತಿ ಹಬ್ಬಕ್ಕೆಂದು ಹೊಸ ಬಿಳಿ ಪಂಚೆ ಉಟ್ಟು ಬಂದಿದ್ದರು. ದಿನಕರಪ್ಪನವರ ಎದೆ ಮಗ್ಗದ ಲಾಳಿಯಂತೆ ಓಡುತ್ತಿತ್ತು.

ಮೊದಲ ಕೀರ್ತನೆ ದಡ ಸೇರಿತು. ಎರಡನೆಯದಕ್ಕೆ ಮಂದ್ರದ ಸವಿಯಲ್ಲಿ ಕಾಲು ನಿಂತವು. “ಕಾಲು ಎತ್ತು” ಎಂದು ಪಿಸುಗುಟ್ಟಿದ ಕೂಡಲೇ ನಡೆದವು. ಮೂರನೆಯದಕ್ಕೆ ಹೇಳುವುದೇ ಬೇಕಾಗಲಿಲ್ಲ. ನಾಲ್ಕನೆಯದು ಅರ್ಧ ದಾಟುವಾಗ ಅಯ್ಯಗಾರು ವೆಂಕಟರಮಣನ ಕಡೆ ನೋಡುವುದನ್ನೇ ಮರೆತಿದ್ದರು.

ಕೊನೆಯ ಕೀರ್ತನೆ ಬಂತು. ಅದರ ಎರಡನೆಯ ಸಾಲಿಗೆ ಹೊಸ ಪಂಚೆಯ ಅಂಚು ಕಾಲ್ಮಣೆಯ ಸಂದಿಗೆ ಸಿಕ್ಕಿತು. ಸತ್ಯಮೂರ್ತಿ ಎಳೆದರು, ಬರಲಿಲ್ಲ. ತುಳಿದರೆ ಪಂಚೆ ಬಿಚ್ಚುತ್ತದೆ, ತುಳಿಯದಿದ್ದರೆ ಆರ್ಗನ್ ಸಾಯುತ್ತದೆ. ಸದ್ದು ಸಣ್ಣಗಾಯಿತು. ವೆಂಕಟರಮಣ ಕೀಬೋರ್ಡಿನ ಮೇಲೆ ಕೈಯಿಟ್ಟ. ಸತ್ಯಮೂರ್ತಿ ಅರ್ಧ ಎದ್ದರೆ ಮಾತ್ರ ಬಟ್ಟೆ ಬಿಡುತ್ತದೆ ಎಂದು ದಿನಕರಪ್ಪನವರಿಗೆ ಕಂಡಿತು. ಏಳು ವರ್ಷದ ಎಚ್ಚರ, ತೆಲುಗು, ಸೂತ್ರ ಎಲ್ಲ ತಲೆಯಿಂದ ಹಾರಿಹೋಗಿ, ಬೆಟಗೇರಿಯ ಮಗ್ಗದ ಕುಣಿಯಿಂದ ಕೂಗಿದಂತೆ ಒಂದೇ ಶಬ್ದ ಹೊರಬಿತ್ತು:

“ಎದ್ದು!!”

ಜನ ಹಾಡು ಬಿಟ್ಟು ಆರ್ಗನ್ನಿನತ್ತ ತಿರುಗಿದರು. ಆರ್ಗನ್ನಿನ ಕೊನೆಯ ಉಸಿರು ‘ಸುಂಯ್’ ಎಂದಿತು. ದಿನಕರಪ್ಪ ಕಣ್ಣು ಮುಚ್ಚಿದರು. ಬೆಂಚು ಹೋಯಿತು, ಬಡ್ತಿಯೂ ಹೋಗಿತ್ತು, ಇನ್ನು ಚಟ್ಟದ ಕೋಣೆ.

ಪಕ್ಕದಿಂದ, ಬಾವಿಯ ತಳದಿಂದ, ಆ ದೊಡ್ಡ ಮಂದ್ರ ಸ್ವರ ನಿಧಾನವಾಗಿ ಎದ್ದು ಬಂತು. “ಇಕ್ಕಡೇ ಉನ್ನಾನು ಮಾಸ್ಟಾರೂ!”

ಇಲ್ಲೇ ಇದ್ದೇನೆ.

ಹೇಳಿ, ಅರ್ಧ ಎದ್ದು, ಪಂಚೆ ಕಿತ್ತುಕೊಂಡು, ಧಪ್ಪೆಂದು ಕೂತು ತುಳಿಯತೊಡಗಿದರು. ವಿಜಯವಾಡದ ಕತೆ ಕೇಳದವರು ಆ ಚರ್ಚಿನಲ್ಲಿ ಯಾರೂ ಇರಲಿಲ್ಲ. ನಗು ಹಿಂದಿನ ಸಾಲಿನಿಂದ ಹೊರಟು ಮುಂದಿನ ತನಕ ಬಂತು. ಆ ನಗುವಿನಲ್ಲೇ ರೇಷ್ಮೆಸೀರೆಯ ಹನ್ನೊಂದು ಹೆಂಗಸರು, ತಮ್ಮ ಮೇಷ್ಟ್ರು ಎದ್ದು ಅ‍ಂದಮೇಲೆ ಏಳಲೇಬೇಕಲ್ಲ ಎಂದು, ದಡಕ್ಕನೆ ಎದ್ದು ನಿಂತರು. ಅವರನ್ನು ನೋಡಿ ಉಳಿದ ಚರ್ಚೂ ಎದ್ದಿತು. ಅಷ್ಟು ಜನ ನಿಂತು ಹಾಡಿದ್ದಕ್ಕೆ ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಸತ್ಯಮೂರ್ತಿ ಅತ್ಯಂತ ಕೆಳಗಿನ ಸ್ವರ ಹಿಡಿದರು, ಕಣ್ಣೂ ಮುಚ್ಚಿದರು. ಕಾಲು ನಿಲ್ಲಲಿಲ್ಲ.

ಕಮಿಟಿ ಹೊಸ ವರ್ಷದಲ್ಲಿ ಸೇರಿದಾಗ ಅಯ್ಯಗಾರು ಒಂದೇ ಪ್ರಶ್ನೆ ಕೇಳಿದರು: ಆ ಕೀಬೋರ್ಡಿನಲ್ಲಿ ‘ಇಕ್ಕಡೇ ಉನ್ನಾನು’ ಎನ್ನುವ ಗುಂಡಿ ಇದೆಯೇ? ವೆಂಕಟರಮಣ ತಾನೇ ನಕ್ಕು ತಂತಿ ಸುತ್ತಿಕೊಂಡ. ಆರ್ಗನ್ನು ಇದ್ದಲ್ಲೇ ಇದ್ದಿತು.

ಜನವರಿಯಲ್ಲಿ ಪ್ಲಾಸ್ಟರು ಬಿಚ್ಚಿದರು. ಡಾಕ್ಟರು ಕಾಲು ಮೊದಲಿನಂತೆ ಕೂಡಿದೆ ಎಂದರು. ದಿನಕರಪ್ಪ ಸೋಮವಾರ ಬ್ಯಾಂಕಿಗೆ ನೆಟ್ಟಗೆ ನಡೆದು ಹೋದರು. ಬುಧವಾರ ಸಂಘದ ಮಾಳಿಗೆಯನ್ನು ಎರಡೆರಡು ಮೆಟ್ಟಿಲಂತೆ ಹತ್ತಿದರು. ಭಾನುವಾರ ಮಾತ್ರ ಚರ್ಚಿನ ಗೇಟು ಬರುತ್ತಲೇ ಕುಂಟತೊಡಗಿದರು. ಸತ್ಯಮೂರ್ತಿ ಓಡಿಬಂದು ತೋಳು ಹಿಡಿದು, ಬೆಂಚಿನ ತನಕ ನಡೆಸಿ, ಎಡತುದಿಯಲ್ಲಿ ತಾವೂ ಕೂತು ಪಂಚೆ ಮೇಲೆ ಕಟ್ಟಿದರು. ಫೆಬ್ರವರಿ ಹೋಯಿತು, ಈಸ್ಟರ್ ಹೋಯಿತು, ಭಾನುವಾರದ ಕುಂಟು ಹೋಗಲಿಲ್ಲ. ಆಚಾರಿಯನ್ನು ಕರೆಸಿ ಬೆಂಚಿಗೆ ಒಂದು ಗೇಣು ಹಲಗೆ ಕೂಡಿಸಿದರು.

ಜೂನಿನ ಒಂದು ಭಾನುವಾರ ಗೇಟಿನಿಂದ ಕುಂಟುತ್ತ ಬರುತ್ತಿದ್ದ ಗಂಡನನ್ನು ಪ್ರಫುಲ್ಲಾ ಹಿಂದಿನಿಂದ ನೋಡಿ, ಸೆರಗು ಬಾಯಿಗಿಟ್ಟುಕೊಂಡರು. ಮುರಿದದ್ದು ಬಲಗಾಲು. ಕುಂಟುತ್ತಿದ್ದದ್ದು ಎಡಗಾಲು.

ತೋಳು ಹಿಡಿದಿದ್ದ ಸತ್ಯಮೂರ್ತಿಯೂ ಅದನ್ನು ಕಂಡಿದ್ದರು. ಸುತ್ತಲೂ ನೋಡಿ, ಮಾಸ್ಟಾರ ಕಿವಿಗೆ ಬಾಗಿ, ಯಾರಿಗೂ ಕೇಳದಂತೆ ಮೆಲ್ಲಗೆ ತಿದ್ದಿದರು:

“ಕುಡಿ, ಮಾಸ್ಟಾರೂ. ಕುಡಿ.”

ದಿನಕರಪ್ಪ ಕಾಲು ಬದಲಾಯಿಸಿದರು.